ಜಲಜಾಕ್ಷಮ್ಮನವರ ಚುಕ್ಕಿವಾಹಕ

"ಕಣ್ಣು ಮಿಟುಕಿಸ್ಬೇಡಿ! ಮಿಟುಕಿಸಿದ್ರೋ, ಆಮೇಲೆ ನಂಗೆ ಕಾಣ್ಲಿಲ್ಲ, ಇನ್ನೊಂದ್ಸಲ ಮಾಡಿ ಅಂತ ಕೇಳ್ಬೇಡಿ!"

ನಡುಮನೆಯಲ್ಲಿ ಇದ್ದವರು ಇಬ್ಬರೇ. ಸೊಸೆ ಮಂದಾಕಿನಿ ಒಬ್ಬಳು, ಎದುರುಮನೆಯ ಪುಟ್ಟತಾಯಮ್ಮ ಇನ್ನೊಬ್ಬರು. ಆದರೂ ಜಲಜಾಕ್ಷಮ್ಮ ತುಂಬಿದ ಸಭಾಂಗಣಕ್ಕೆ ಕೇಳಿಸುವಷ್ಟು ಗಟ್ಟಿಯಾಗಿ ಮಾತಾಡುತ್ತಿದ್ದರು. ಕಾಲೇಜಿನ ಭೌತಶಾಸ್ತ್ರದ ಪ್ರಯೋಗಾಲಯವನ್ನು ಒಂದು ತಲೆಮಾರು ಕಾಲ ನೋಡಿಕೊಂಡವರು ಅವರು. ನಿವೃತ್ತರಾದ ದಿನ ಹಾರ, ಶಾಲು, ಹಣ್ಣಿನ ತಟ್ಟೆಯ ಜೊತೆಗೆ ಪ್ರಯೋಗಾಲಯವೂ ಅವರ ಹಿಂದೆಯೇ ಮನೆಗೆ ಬಂದುಬಿಟ್ಟಿತ್ತು. ಮಳೆ ಬಂದರೆ ತಾನಾಗಿಯೇ ಒಳಗೆ ಬರುವ ಬಟ್ಟೆ ಹಗ್ಗವನ್ನು ಅವರು ಕಂಡುಹಿಡಿದಿದ್ದು ಆಮೇಲೆಯೇ. ಆ ಹಗ್ಗ ಮೊದಲ ಮಳೆಗೇ ಒಳಗೆ ಬಂದಿತ್ತು, ಬರುವಾಗ ಪಕ್ಕದ ಮನೆಯ ಬಟ್ಟೆಯನ್ನೂ ಕಂಬವನ್ನೂ ಎಳೆದುಕೊಂಡು ಬಂದಿತ್ತು.

ಈಗ ಮೇಜಿನ ಮೇಲೆ ಕ್ರೋಷಾ ವಸ್ತ್ರ ಹೊದಿಸಿದ ದುಂಡನೆಯ ವಸ್ತುವೊಂದು ಕುಳಿತಿತ್ತು. ಜಲಜಾಕ್ಷಮ್ಮ ವಸ್ತ್ರವನ್ನು ತೆಗೆದರು.

"ಅಯ್ಯೋ, ಒಗ್ಗರಣೆ ಡಬ್ಬಿ!" ಎಂದರು ಪುಟ್ಟತಾಯಮ್ಮ.

"ನಿನ್ನೆವರೆಗೆ ಒಗ್ಗರಣೆ ಡಬ್ಬಿ. ಇವತ್ತಿಂದ ಚುಕ್ಕಿವಾಹಕ!"

ಡಬ್ಬಿಯೊಳಗಿನ ಪುಟ್ಟ ಬಟ್ಟಲುಗಳಲ್ಲಿ ತಾಮ್ರದ ಸುರುಳಿ, ಹಳೆಯ ರೇಡಿಯೋದ ಹರಳು, ಮಿಣುಕು ದೀಪ, ಇನ್ನೂ ಏನೇನೋ ತುಂಬಿದ್ದವು. ಒಂದು ಬಟ್ಟಲಲ್ಲಿ ಮಾತ್ರ ಸಾಸಿವೆ ಇತ್ತು.

"ಅತ್ತೆ, ಸಾಸಿವೆ ತೆಗೆಯೋದು ಮರೆತಿದ್ದೀರಿ," ಎಂದಳು ಮಂದಾಕಿನಿ.

"ಮರೆತಿಲ್ಲ. ತೆಗೆದ್ರೆ ಕೆಲಸ ಮಾಡಲ್ಲ. ಯಾಕೆ ಅಂತ ನಂಗೂ ಗೊತ್ತಿಲ್ಲ, ಕೇಳ್ಬೇಡ."

ಇಷ್ಟೆಲ್ಲ ಗದ್ದಲಕ್ಕೆ ಕಾರಣ ಮಂದಾಕಿನಿಯ ಲ್ಯಾಪ್‌ಟಾಪಿನ ಪಕ್ಕೆಯಲ್ಲಿರುವ ಒಂದು ಸಣ್ಣ ಕಿಂಡಿ. ಟಿವಿಗೋ ಪ್ರೊಜೆಕ್ಟರಿಗೋ ಕೇಬಲ್ ಸಿಕ್ಕಿಸಿ ಚಿತ್ರ ಕಳಿಸುವ ಎಚ್‌ಡಿಎಂಐ ಪೋರ್ಟು ಅದು. ಸರಿಯಾಗಿ ಬೇಕಾದ ವಾರವೇ ಅದು ಮೌನವ್ರತ ಹಿಡಿದಿತ್ತು.

ಮಂದಾಕಿನಿ ತೋಟ, ಅಂಗಳಗಳ ನಕ್ಷೆ ಬರೆಯುವವಳು. ಅವರಿದ್ದ ಬಡಾವಣೆಯ ಹೆಸರು ಸಂಪಿಗೆವನ. ಮೈಸೂರಿನ ಅಂಚಿನಲ್ಲಿರುವ ಈ ಬಡಾವಣೆಯಲ್ಲಿ ಸಂಪಿಗೆಯೂ ಇಲ್ಲ, ವನವೂ ಇಲ್ಲ. ಇರುವುದು ಪಾರ್ಕಿಗೆಂದು ಬಿಟ್ಟ ಒಂದು ಬರಿಯ ಬಯಲು, ಅದರ ನಡುವೆ ಒಂದು ಹೊಂಗೆ ಮರ. ಆ ಬಯಲಿಗೆ ಮಂದಾಕಿನಿ ಒಂದು ನಕ್ಷೆ ಮಾಡಿದ್ದಳು. ಜನ ದಿನವೂ ಎಲ್ಲಿ ತಿರುಗುತ್ತಾರೆ, ಎಲ್ಲಿ ನಿಂತು ಹರಟುತ್ತಾರೆ, ಹಾಲಿನ ಬೂತಿಗೆ ಯಾವ ಮೂಲೆಯಿಂದ ಅಡ್ಡ ಹಾಯುತ್ತಾರೆ ಎಂದು ಒಂದು ವರ್ಷ ಮಹಡಿಯ ಮೇಲಿಂದ ನೋಡಿ ನೋಡಿ ಮಾಡಿದ ನಕ್ಷೆ ಅದು. ಹೊಂಗೆಯ ಸುತ್ತ ಕಟ್ಟೆ, ಕಟ್ಟೆಯನ್ನು ಬಳಸಿ ಹೋಗುವ ಮಣ್ಣಿನ ದಾರಿ, ಮಕ್ಕಳಿಗೆ ಮರಳುಗುಂಡಿ, ಜಾರುಬಂಡೆ, ಹಕ್ಕಿಗಳಿಗೆ ನೀರಿನ ತೊಟ್ಟಿ ಎಲ್ಲವೂ ಅದರಲ್ಲಿದ್ದವು.

ಬಡಾವಣೆಯ ಸಂಘದ ಕಾರ್ಯದರ್ಶಿ ದೊರೆಸ್ವಾಮಿಯವರ ತಲೆಯಲ್ಲಿದ್ದದ್ದು ಬೇರೆ. ಮರ ಕಡಿದು ಇಡೀ ಬಯಲಿಗೆ ಇಂಟರ್‌ಲಾಕ್ ಟೈಲ್ಸ್ ಹಾಸಿಬಿಡುವುದು! ಅವರಿಗೆ ಟೈಲ್ಸ್ ಎಂದರೆ ಜೀವ. ಅವರ ಮನೆಯ ಅಂಗಳ, ಮಹಡಿ, ಕಾಂಪೌಂಡು, ತುಳಸಿಕಟ್ಟೆ ಎಲ್ಲಕ್ಕೂ ಟೈಲ್ಸ್ ಹಾಸಿಯಾಗಿತ್ತು. ತುಳಸಿ ಒಂದು ಹೇಗೋ ತಪ್ಪಿಸಿಕೊಂಡಿತ್ತು. ಭಾನುವಾರದ ಸಭೆಯಲ್ಲಿ ಎರಡರಲ್ಲಿ ಒಂದನ್ನು ಆರಿಸಬೇಕು ಎಂದು ತೀರ್ಮಾನವಾಗಿತ್ತು. ಅಷ್ಟರಲ್ಲಿ ಮಂದಾಕಿನಿಯ ಪೋರ್ಟು ಕೆಟ್ಟ ಸುದ್ದಿ ಪುಟ್ಟತಾಯಮ್ಮನವರ ಮೂಲಕ ಕಾರ್ಯದರ್ಶಿಗಳ ಕಿವಿಗೆ ಬಿತ್ತು. ಮರುದಿನವೇ ನೋಟಿಸ್ ಬೋರ್ಡಿನಲ್ಲಿ ಹೊಸ ನಿಯಮ ಕಾಣಿಸಿಕೊಂಡಿತು: ಲ್ಯಾಪ್‌ಟಾಪಿನಿಂದ ದೊಡ್ಡದಾಗಿ, ಎಲ್ಲರಿಗೂ ಕಾಣುವಂತೆ ತೋರಿಸಲಾಗದ ಯಾವ ಯೋಜನೆಯನ್ನೂ ಸಂಘ ಪರಿಗಣಿಸುವುದಿಲ್ಲ.

ಪೋರ್ಟನ್ನು ಸರಿಮಾಡಲು ಮನೆಮಂದಿಯೆಲ್ಲ ಕೈ ಹಚ್ಚಿದ್ದರು. ಕೇಬಲ್ ಬದಲಾಯಿಸಿ ನೋಡಿದರು. ತಿರುಗಿಸಿ ಸಿಕ್ಕಿಸಿದರು, ಅಲ್ಲಾಡಿಸಿ ಸಿಕ್ಕಿಸಿದರು, ಬೈದು ಸಿಕ್ಕಿಸಿದರು. ಆರಿಸಿ ಮತ್ತೆ ಹಾಕಿದರು. ಡ್ರೈವರ್ ಅಪ್‌ಡೇಟ್ ಮಾಡಿದರು, ಸೆಟ್ಟಿಂಗಿನೊಳಗೆ ಹೋಗಿ ದಾರಿ ತಪ್ಪಿ ಗಡಿಯಾರವನ್ನು ಬೇರೆ ದೇಶಕ್ಕೆ ಬದಲಾಯಿಸಿಕೊಂಡು ಹೊರಗೆ ಬಂದರು. ಅಂಗಡಿಯವನು, "ಬೋರ್ಡೇ ಚೇಂಜ್ ಮಾಡ್ಬೇಕು ಮೇಡಂ, ಹದಿನೈದು ದಿನ ಬಿಟ್ಟು ಬನ್ನಿ," ಎಂದ. ಕೊನೆಗೆ ಜಲಜಾಕ್ಷಮ್ಮ ಭೂತಗನ್ನಡಿ ಹಿಡಿದು ಪೋರ್ಟಿನೊಳಗೆ ಇಣುಕಿದರು. ಇಣುಕಿದವರು ಹಾಗೆಯೇ ಮೂಗನ್ನೂ ಹತ್ತಿರ ತಂದರು.

"ಗಂಧ!"

"ಗಂಧಾನಾ?"

"ಒಣಗಿ ಕಲ್ಲಾಗಿದೆ. ಮೇಲೊಂಚೂರು ಕುಂಕುಮ. ಶ್ರೀಕರಾ, ಬಾರೋ ಇಲ್ಲಿ!"

ಮಗ ಶ್ರೀಕರ ಬಂದ. ಆಯುಧಪೂಜೆಯ ದಿನ ಮನೆಯ ಯಂತ್ರಗಳಿಗೆಲ್ಲ ಪೂಜೆ ಮಾಡುವುದು ಅವನ ಪಾಲಿನ ಕೆಲಸ. ಸ್ಕೂಟರ್, ಮಿಕ್ಸಿ, ಇಸ್ತ್ರಿಪೆಟ್ಟಿಗೆ ಯಾವುದನ್ನೂ ಬಿಡದೆ ಭಕ್ತಿಯಿಂದ ಮಾಡುವವನು.

"ನೀನೇ ತಾನೆ ಅಮ್ಮ ಹೇಳಿದ್ದು, ಎಲ್ಲಾ ಯಂತ್ರಕ್ಕೂ ಗಂಧ ಇಡು ಅಂತ?"

"ಯಂತ್ರಕ್ಕೆ ಇಡು ಅಂದೆ. ಯಂತ್ರದ ಬಾಯಿಗೆ ತುರುಕು ಅಂದ್ನೇನೋ?"

"ಮುಚ್ಚಳದ ಮೇಲಿಟ್ರೆ ಕಲೆ ಆಗತ್ತೆ, ಇವಳು ಬೈತಾಳೆ ಅಂತ ಕಾಣದ ಕಡೆ ಇಟ್ಟೆ..."

"ರೀ, ಪುಣ್ಯಕ್ಕೆ ಕೀಬೋರ್ಡಿಗೆ ಎಳ್ಳುದೀಪ ಹಚ್ಚಲಿಲ್ವಲ್ಲ!" ಎಂದಳು ಮಂದಾಕಿನಿ.

ಜಲಜಾಕ್ಷಮ್ಮ ಹೇರ್‌ಪಿನ್ನಿನಿಂದ ಗಂಧವನ್ನು ಕೆರೆದು ತೆಗೆದರು. ಗಂಧದ ಜೊತೆಗೆ ಪೋರ್ಟಿನೊಳಗಿನ ಸಣ್ಣ ತಂತಿಗಳೂ ಬಂದವು. ಈ ಭಾಗದ ಬಗ್ಗೆ ಆ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ.

"ಪೆನ್‌ಡ್ರೈವಿಗೆ ಹಾಕ್ಕೊಂಡು ಬೇರೆ ಲ್ಯಾಪ್‌ಟಾಪಲ್ಲಿ ತೋರಿಸಿದ್ರಾಯ್ತಪ್ಪ," ಎಂದ ಶ್ರೀಕರ.

ಆ ನಕ್ಷೆ ತೆರೆಯುವ ತಂತ್ರಾಂಶ ತನ್ನ ಲ್ಯಾಪ್‌ಟಾಪಿನಲ್ಲಿ ಮಾತ್ರ ಇದೆ ಎಂದು ಮಂದಾಕಿನಿ ಹೇಳುವ ಮೊದಲೇ ಅತ್ತೆ ಎದ್ದು ನಿಂತಿದ್ದರು. "ಬೇರೆಯವರ ಮನೆ ವಸ್ತು ತರೋದು ರಿಪೇರಿ ಅಲ್ಲ ಕಣೋ, ಶರಣಾಗತಿ! ಕಿಂಡಿ ಮುಚ್ಚಿದ್ರೆ ಗೋಡೆ ಹಾರಿದ್ರಾಯ್ತು. ಸ್ಕ್ರೀನು ಅಂದ್ರೇನು? ಸಾಲಾಗಿ ಕೂತಿರೋ ಚುಕ್ಕಿಗಳು, ಅಷ್ಟೇ. ಸಾಲಾಗಿರೋ ಚುಕ್ಕಿ ಎಲ್ಲಿದೆ ಅಂತ ಹುಡುಕ್ಕೊಂಡು ಹೋಗಿ ಚಿತ್ರ ಅಲ್ಲಿ ಇಳಿಸಿಬಿಡೋ ಯಂತ್ರ ಮಾಡ್ತೀನಿ. ಕೇಬಲ್ಲೂ ಬೇಡ, ಆ ಪೋರ್ಟೂ ಬೇಡ! ನಮ್ಮ ಮಂದಾ ನಕ್ಷೇನ ಆ ದೊರೆಸ್ವಾಮಿ ಕಣ್ಣು ಕಿಸಿದು ನೋಡ್ಬೇಕು."

ಅತ್ತೆ ತನ್ನ ನಕ್ಷೆಯನ್ನು ಚೆನ್ನಾಗಿದೆ ಎಂದು ಇದುವರೆಗೆ ಒಮ್ಮೆಯೂ ಹೇಳಿರಲಿಲ್ಲ. ಇದು ಹೊಗಳಿಕೆಯೋ ಹೇಗೆ ಎಂದು ಮಂದಾಕಿನಿ ಲೆಕ್ಕ ಹಾಕುತ್ತಿದ್ದಂತೆಯೇ ಒಗ್ಗರಣೆ ಡಬ್ಬಿ ಅಡುಗೆಮನೆಯಿಂದ ಮಾಯವಾಗಿತ್ತು.

ಈಗ ಆ ಡಬ್ಬಿಯ ತಂತಿಯನ್ನು ಲ್ಯಾಪ್‌ಟಾಪಿನ ಇನ್ನೊಂದು ಕಿಂಡಿಗೆ ಸಿಕ್ಕಿಸಿ, ಜಲಜಾಕ್ಷಮ್ಮ ಗುಂಡಿ ಒತ್ತಿದರು. ಡಬ್ಬಿ ಗುಂಯ್ ಎಂದಿತು. ಸಾಸಿವೆ ಚಟಪಟ ಎಂದಿತು. ಮೂವರೂ ಟಿವಿಯ ಕಡೆ ನೋಡಿದರು.

ಟಿವಿಯಲ್ಲಿ "ಸಿಗ್ನಲ್ ಇಲ್ಲ" ಎಂದೇ ಇತ್ತು.

"ಕಣ್ಣು ಮಿಟುಕಿಸ್ಲಿಲ್ಲ ಜಲಜಾಕ್ಷಮ್ಮೋರೆ, ಉರೀತಾ ಇದೆ," ಎಂದರು ಪುಟ್ಟತಾಯಮ್ಮ.

ಅದೇ ಹೊತ್ತಿಗೆ ಸ್ನಾನ ಮುಗಿಸಿದ ಶ್ರೀಕರ ಚೌಕುಳಿ ಲುಂಗಿ ಉಟ್ಟು, ತಲೆ ಒರೆಸಿಕೊಳ್ಳುತ್ತ ನಡುಮನೆಗೆ ಬಂದ.

"ರೀ, ಅಲ್ಲೇ ನಿಂತ್ಕೊಳ್ಳಿ!" ಎಂದು ಕೂಗಿದಳು ಮಂದಾಕಿನಿ.

"ಯಾಕೆ, ಜಿರಳೆನಾ?"

"ಅಲ್ಲ. ನಿಮ್ಮ ಲುಂಗಿ ಮೇಲೆ ನನ್ನ ಪಾರ್ಕಿದೆ."

ಇತ್ತು! ಲುಂಗಿಯ ಒಂದೊಂದು ಚೌಕವೂ ಬಣ್ಣ ಬದಲಿಸಿಕೊಂಡು ನಕ್ಷೆ ನಿಚ್ಚಳವಾಗಿ ಮೂಡಿತ್ತು. ಹೊಂಗೆ ಮರ ಎಡ ಮಂಡಿಯ ಮೇಲೆ, ಮುಖ್ಯದ್ವಾರ ಅಂಚಿನ ಹತ್ತಿರ.

"ನೋಡಿದ್ರಾ!" ಜಲಜಾಕ್ಷಮ್ಮನವರ ಮುಖ ಅರಳಿತು. "ಟಿವಿಗಿಂತ ಲುಂಗಿ ಹತ್ತಿರ ಇತ್ತು. ಯಂತ್ರದ್ದೇನೂ ತಪ್ಪಿಲ್ಲ."

"ಅಮ್ಮಾ, ನಾನು ಆಫೀಸಿಗೆ ಹೋಗ್ಬೇಕು!"

"ಹೋಗೋವಂತೆ. ಅಲ್ಲಾಡ್ಬೇಡ, ಮರ ಅಲ್ಲಾಡತ್ತೆ. ಆದ್ರೆ ಮಂದಾ, ಅರ್ಧ ನಕ್ಷೆ ಎಲ್ಲೇ?"

ಉಳಿದರ್ಧ ಪುಟ್ಟತಾಯಮ್ಮನವರ ಚುಕ್ಕಿ ಸೀರೆಯ ಸೆರಗಿನ ಮೇಲಿತ್ತು. ಲ್ಯಾಪ್‌ಟಾಪು ತನಗೆ ಎರಡು ಪರದೆ ಸಿಕ್ಕಿವೆ ಎಂದು ತಿಳಿದು ಚಿತ್ರವನ್ನು ಇಬ್ಬರಿಗೂ ಸಮನಾಗಿ ಹಂಚಿತ್ತು.

"ಅಯ್ಯೋ ಶಿವನೇ, ನನ್ನ ಸೆರಗಲ್ಲಿ ಜಾರೋ ಬಂಡೆ!"

"ಪುಟ್ಟತಾಯಮ್ಮ, ಒಂಚೂರು ಶ್ರೀಕರನ ಪಕ್ಕ ನಿಂತ್ಕೊಳ್ಳಿ. ಪೂರ್ತಿ ಹೇಗೆ ಕಾಣತ್ತೆ ನೋಡ್ಬೇಕು."

"ಪರಗಂಡಸಿನ ಲುಂಗಿ ಪಕ್ಕ ನಾನ್ಯಾಕಮ್ಮ ನಿಂತ್ಕೊಳ್ಳಲಿ!"

"ಈಗ ಅವನು ಗಂಡಸಲ್ಲ ಪುಟ್ಟತಾಯಮ್ಮ, ಸ್ಕ್ರೀನು!"

ಶ್ರೀಕರ ಈ ಮಾತನ್ನು ಬಹಳ ದಿನ ಮನಸ್ಸಿಗೆ ಹಚ್ಚಿಕೊಂಡ. ಆದರೆ ಮಂದಾಕಿನಿ ಬಗ್ಗಿ ನೋಡುತ್ತಿದ್ದಳು. ಹೊಂಗೆಯ ನೆರಳಿನೊಳಗಿನ ಎಲೆಗಳು ಕೂಡ ಬಿಡಿಬಿಡಿಯಾಗಿ ಕಾಣುತ್ತಿದ್ದವು. ಅವಳ ಲ್ಯಾಪ್‌ಟಾಪಿನಲ್ಲೇ ಅವು ಅಷ್ಟು ಚೆನ್ನಾಗಿ ಕಂಡಿರಲಿಲ್ಲ. ಈ ಮನೆಯಲ್ಲಿ ಒಂದು ದಿನವೂ ಒಂದು ವಸ್ತು ಇದ್ದ ಜಾಗದಲ್ಲಿ ಇರುವುದಿಲ್ಲ, ಇವತ್ತು ಸಾರಿಗೆ ಒಗ್ಗರಣೆಯೂ ಇಲ್ಲ. ಆದರೆ ಇಂಥ ಅತ್ತೆ ಇಡೀ ಮೈಸೂರಿನಲ್ಲಿ ಇನ್ಯಾರಿಗಿದ್ದಾರೆ ಎಂಬ ಒಂದು ಬಿಂಕ ಅವಳ ಎದೆಯಲ್ಲಿ ಸದ್ದಿಲ್ಲದೆ ಕಾಲು ಚಾಚಿ ಕುಳಿತಿತು.

ಬಾಯಲ್ಲಿ ಮಾತ್ರ, "ಸಭೆಗೆ ಇವರ ಲುಂಗೀನ ನೇತುಹಾಕಕ್ಕಾಗತ್ತಾ ಅತ್ತೆ?" ಎಂದಳು.

"ಇಲ್ಲ. ಸಣ್ಣ ಪುಟ್ಟದ್ದನ್ನೆಲ್ಲ ಬಿಟ್ಟು, ಇರೋದ್ರಲ್ಲಿ ದೊಡ್ಡ ಪರದೇನ ಹಿಡಿಯೋ ಹಾಗೆ ತಿದ್ದುತೀನಿ," ಎಂದು ಜಲಜಾಕ್ಷಮ್ಮ ಡಬ್ಬಿಯನ್ನು ಎತ್ತಿಕೊಂಡು ಒಳಗೆ ನಡೆದರು.

ಶನಿವಾರ ಬೆಳಿಗ್ಗೆ ತಿದ್ದಿದ ಯಂತ್ರದ ಪರೀಕ್ಷೆ. ಲುಂಗಿ ಉಟ್ಟವರು ಯಾರೂ ಸುತ್ತಮುತ್ತ ಇರಕೂಡದೆಂದು ಆಜ್ಞೆಯಾಗಿತ್ತು. ಗುಂಡಿ ಒತ್ತಿದರು. ಟಿವಿ ಕಪ್ಪಗೇ ಇತ್ತು. ಆದರೆ ಎದುರುಮನೆಯಿಂದ ಒಂದು ಕೂಗು ಬೀದಿಯುದ್ದಕ್ಕೂ ಕೇಳಿಸಿತು.

ಅತ್ತೆ ಸೊಸೆ ಇಬ್ಬರೂ ಲ್ಯಾಪ್‌ಟಾಪು, ಡಬ್ಬಿ ಎತ್ತಿಕೊಂಡೇ ಓಡಿದರು. ಪುಟ್ಟತಾಯಮ್ಮ ಬಾಗಿಲ ಮುಂದೆ ಪೊರಕೆ ಹಿಡಿದು ನಿಂತಿದ್ದರು. ಅವರು ಬೆಳಿಗ್ಗೆ ಹಾಕಿದ್ದ ಇಪ್ಪತ್ತೊಂದು ಚುಕ್ಕಿಯ ಕಮಲದ ರಂಗೋಲಿ ಅಲ್ಲಿರಲಿಲ್ಲ. ರಂಗೋಲಿ ಪುಡಿ ಇರುವೆ ಸಾಲಿನ ಹಾಗೆ ಸರಸರ ಹರಿದು ಬೇರೆಯೇ ಚಿತ್ರವಾಗುತ್ತಿತ್ತು. ಲ್ಯಾಪ್‌ಟಾಪು ತೆರೆದೊಡನೆ ಕಾಣುವ ಚೌಕ ಚೌಕ ಕಡತಗಳು, ಮೂಲೆಯಲ್ಲಿ ಒಂದು ಕಸದ ಬುಟ್ಟಿ.

"ಶನಿವಾರ ಬೆಳಿಗ್ಗೆ, ನನ್ನ ಹೊಸ್ತಿಲ ಮುಂದೆ, ಕಸದ ಬುಟ್ಟಿ!" ಪುಟ್ಟತಾಯಮ್ಮ ಪೊರಕೆಯಿಂದ ಅದನ್ನು ತೋರಿಸಿದರು. "ಗುಡಿಸಿದ್ರೆ ತಿರುಗಾ ಬರತ್ತೆ ಕಣ್ರೀ!"

"ಟಿವಿಗಿಂತ ನಿಮ್ಮ ರಂಗೋಲಿ ಅಗಲ ಜಾಸ್ತಿ ಪುಟ್ಟತಾಯಮ್ಮ. ಸಂತೋಷ ಪಡಿ!" ಎಂದರು ಜಲಜಾಕ್ಷಮ್ಮ.

ಮಂದಾಕಿನಿ ಗಾಬರಿಯಲ್ಲಿ ಲ್ಯಾಪ್‌ಟಾಪಿನ ಮೇಲೆ ಬೆರಳಾಡಿಸಿದಳು. ಪುಡಿಯ ಬಾಣವೊಂದು ನೆಲದ ಮೇಲೆ ಸರ್ರನೆ ಓಡಿ ಪುಟ್ಟತಾಯಮ್ಮನ ಕಾಲಿನ ಕಡೆ ಬಂತು. ಅವರು ಪೊರಕೆ ಎಸೆದು ಮೆಟ್ಟಿಲ ಮೇಲೆ ಹಾರಿದರು. ಹಾರಿದವರನ್ನು ಸಮಾಧಾನ ಮಾಡಲು ಮಂದಾಕಿನಿ ಯಾವುದೋ ನವಿಲಿನ ಚಿತ್ರವನ್ನು ತೆರೆದಳು. ಪುಡಿ ಒಂದು ಗಳಿಗೆ ತಡೆದು, ಆಮೇಲೆ ಗರಿ ಗರಿಯಾಗಿ ಬಿಚ್ಚಿಕೊಂಡಿತು. ಕತ್ತು, ಕಿರೀಟ, ಬಾಲದ ಒಂದೊಂದು ಕಣ್ಣು!

ಪುಟ್ಟತಾಯಮ್ಮ ನಿಧಾನವಾಗಿ ಮೆಟ್ಟಿಲಿಳಿದರು. ಬೀದಿಯವರೆಲ್ಲ ಹಾಲಿನ ಪ್ಯಾಕೆಟ್ಟು ಹಿಡಿದುಕೊಂಡೇ ಬಂದು ಸುತ್ತ ನಿಂತರು. "ಯಾರು ಹಾಕಿದ್ದು?" ಎಂದು ಯಾರೋ ಕೇಳಿದರು.

"ಇನ್ಯಾರು ಹಾಕ್ತಾರೆ? ಬೆಳಗಾಗೋ ಮುಂಚೆ ಎದ್ದು ನಾನೇ ಹಾಕ್ದೆ, ಸೊಂಟ ಬಿದ್ದೋಗಿದೆ," ಎಂದರು ಪುಟ್ಟತಾಯಮ್ಮ, ಸೊಂಟಕ್ಕೆ ಕೈಯಿಟ್ಟುಕೊಂಡು.

ಜಲಜಾಕ್ಷಮ್ಮ ಬಾಯಿ ತೆರೆದರು. ಮಂದಾಕಿನಿ ಮೆಲ್ಲನೆ ಅವರ ಕೈ ಹಿಡಿದಳು. ಎದುರುಮನೆಯ ಮತವೂ ಒಂದು ಮತವೇ.

"ನಾಳೆ ಸಮುದಾಯ ಭವನದಲ್ಲಿ ರಂಗೋಲಿ ಇರಲ್ಲ, ಪ್ರೊಜೆಕ್ಟರಿನ ಪರದೇನೇ ದೊಡ್ಡದು," ಎಂದು ಧೈರ್ಯ ಹೇಳುತ್ತ ಜಲಜಾಕ್ಷಮ್ಮ ಮನೆಗೆ ಮರಳಿದರು. "ಅದ್ರಲ್ಲಿ ಬರ್ಲಿಲ್ಲ ಅಂದ್ರೆ ನನ್ನ ಹೆಸರು ಬದಲಾಯಿಸಿ!"

ಭಾನುವಾರ ಬೆಳಿಗ್ಗೆ ಸಭೆಗೆ ಹೊರಟ ಮಂದಾಕಿನಿ ಪಾರ್ಕಿನ ಬೇಲಿಯ ಹತ್ತಿರ ತಟಕ್ಕನೆ ನಿಂತಳು. ಬಯಲಿನ ತುಂಬ ಬಿಳಿ ಚುಕ್ಕಿಗಳು! ಟೈಲ್ಸ್ ಎಲ್ಲೆಲ್ಲಿ ಕೂರಬೇಕೆಂದು ಗುರುತು ಮಾಡಲು ದೊರೆಸ್ವಾಮಿ ಹಿಂದಿನ ಸಂಜೆಯೇ ಆಳುಗಳನ್ನು ಕರೆಸಿ, ಸಾಲು ಸಾಲಾಗಿ ಸುಣ್ಣದ ಪುಡಿಯ ಚುಕ್ಕಿ ಇಡಿಸಿದ್ದರು. ಇನ್ನಷ್ಟು ಸುಣ್ಣದ ಮೂಟೆಗಳು ಬಾಯಿ ತೆರೆದುಕೊಂಡು ಬೇಲಿಯ ಬಳಿ ಕುಳಿತಿದ್ದವು. ಹೊಂಗೆ ಮರದ ಬುಡಕ್ಕೆ ಬಿಳಿ ಬಣ್ಣದ ಒಂದು ದೊಡ್ಡ ಇಂಟು ಗುರುತು ಹಾಕಿತ್ತು.

"ಇನ್ನೂ ಮತ ಹಾಕೇ ಇಲ್ಲ," ಎಂದಳು ಅವಳು.

"ಹಾಕಿಲ್ಲ ತಾನೆ? ನಡಿ," ಎಂದರು ಅತ್ತೆ, ಡಬ್ಬಿಯನ್ನು ಎದೆಗವಚಿಕೊಂಡು.

ಬಯಲಿಗೆ ಅಂಟಿಕೊಂಡಂತೆಯೇ ಇದ್ದ ಸಮುದಾಯ ಭವನ ತುಂಬಿತ್ತು. ದೊರೆಸ್ವಾಮಿಯವರು ಮೊದಲು ತಮ್ಮ ಯೋಜನೆ ತೋರಿಸಿದರು. ಪರದೆಯ ಮೇಲೆ ಟೈಲ್ಸ್ ಬಂದವು. ಕೆಂಪು ಟೈಲ್ಸ್ ಹೋಗಿ ಹಳದಿ ಟೈಲ್ಸ್ ಬಂದವು. ಹಳದಿ ಹೋಗಿ ಬೂದು ಬಂದವು. ಬೂದಿನ ಹೊತ್ತಿಗೆ ಹಿಂದಿನ ಸಾಲಿನಲ್ಲಿ ಗೊರಕೆ ಶುರುವಾಗಿತ್ತು. ಚಪ್ಪಾಳೆಯನ್ನು ಅವರೇ ಆರಂಭಿಸಿ ಅವರೇ ಮುಗಿಸಿದರು.

"ಈಗ ಮಂದಾಕಿನಿ ಮೇಡಂ. ಕೇಬಲ್ ಇಲ್ಲಿದೆ ನೋಡಿ," ಎಂದು ಕೇಬಲನ್ನು ಹಾರದ ಹಾಗೆ ಎರಡೂ ಕೈಯಲ್ಲಿ ಹಿಡಿದು ನೀಡಿದರು. "ಓ! ನಿಮ್ಮ ಪೋರ್ಟು ಸರಿ ಇಲ್ವಂತೆ, ಅಲ್ವಾ? ಛೆ ಛೆ ಛೆ."

ಜಲಜಾಕ್ಷಮ್ಮ ಡಬ್ಬಿಯನ್ನು ಮೇಜಿನ ಮೇಲಿಟ್ಟು ಗುಂಡಿ ಒತ್ತಿದರು. ಗುಂಯ್ ಎಂದಿತು. ಸಾಸಿವೆ ಚಟಪಟ ಎಂದಿತು. ಪರದೆ ಬೆಳ್ಳಗೇ ಇತ್ತು. ಶ್ರೀಕರ ಒಮ್ಮೆ ತನ್ನ ಪ್ಯಾಂಟನ್ನು ನೋಡಿಕೊಂಡ. ಅಲ್ಲಿ ಏನೂ ಬಂದಿರಲಿಲ್ಲ. ಪುಟ್ಟತಾಯಮ್ಮ ಮುನ್ನೆಚ್ಚರಿಕೆಗೆಂದು ಚುಕ್ಕಿಯಿಲ್ಲದ ರೇಷ್ಮೆ ಸೀರೆ ಉಟ್ಟು ಬಂದಿದ್ದರು.

"ಬಂತಾ ಅತ್ತೆ?" ಎಂದು ಮಂದಾಕಿನಿ ಪಿಸುಗುಟ್ಟಿದಳು.

"ಹೋಗಿದೆ. ಎಲ್ಲಿಗೆ ಅಂತ ಗೊತ್ತಾಗ್ಬೇಕು."

ದೊರೆಸ್ವಾಮಿ ಗಡಿಯಾರ ನೋಡಿಕೊಂಡರು. "ನೋಡಿ ಮೇಡಂ, ಅಡುಗೆಮನೆ ಡಬ್ಬಿ ಅಡುಗೆಮನೇಲಿದ್ರೇ ಚೆಂದ. ವಯಸ್ಸಾದೋರು, ಏನೋ ಹೊತ್ತು ಹೋಗಕ್ಕೆ ಮಾಡ್ತಾರೆ. ನೀವು ಓದಿದೋರು, ನೀವಾದ್ರೂ..."

ಸಭೆಯಲ್ಲಿ ಅಲ್ಲಲ್ಲಿ ನಗು ಎದ್ದಿತು. ಜಲಜಾಕ್ಷಮ್ಮ ತಲೆಯೆತ್ತಲಿಲ್ಲ. ಸುಮ್ಮನೆ ಸಾಸಿವೆಯ ಬಟ್ಟಲನ್ನು ಸರಿಮಾಡುತ್ತಿದ್ದರು. ಸರಿಯಾಗಿಯೇ ಇದ್ದ ಬಟ್ಟಲನ್ನು ಅವರು ಮತ್ತೆ ಮತ್ತೆ ತಿರುಗಿಸುವುದನ್ನು ಮಂದಾಕಿನಿ ನೋಡಿದಳು. ಅಷ್ಟು ಸಾಕಾಯಿತು.

"ಸ್ವಾಮಿ, ಇದು ಡಬ್ಬಿ ಅಲ್ಲ," ಎಂದಳು. ದನಿ ತನ್ನದೇ ಎಂದು ಅವಳಿಗೇ ನಂಬಿಕೆ ಬರಲಿಲ್ಲ. "ಅಂಗಡಿಯೋರು ಕೈಬಿಟ್ಟಿದ್ದನ್ನ ನಮ್ಮತ್ತೆ ಒಬ್ಬರೇ ಕೂತು ಮಾಡಿದ್ದು. ಕೇಬಲ್ ಇಲ್ಲದೆ ಚಿತ್ರ ಕಳಿಸತ್ತೆ. ಒಂದು ದಿನ ಲುಂಗಿಗೆ ಹೋಯ್ತು, ಒಂದು ದಿನ ರಂಗೋಲಿಗೆ ಹೋಯ್ತು. ನಿಜ. ಆದ್ರೆ ಹೋಗದೇ ಇದ್ದ ದಿನ ಇಲ್ಲ! ನಕ್ಷೆ ತೋರಿಸಕ್ಕಾಗದೆ ನಾನು ಸೋತ್ರೂ ಸರಿ, ಇಂಥೋರ ಸೊಸೆ ಅಂತ ಹೇಳ್ಕೊಂಡೇ ಮನೆಗೆ ಹೋಗ್ತೀನಿ."

ಜಲಜಾಕ್ಷಮ್ಮ ತಲೆಯೆತ್ತಿ ಸೊಸೆಯನ್ನು ನೋಡಿದರು. ಏನೋ ಹೇಳುವವರಿದ್ದರು. ಅಷ್ಟರಲ್ಲಿ ಕಿಟಕಿಯ ಪಕ್ಕ ಕುಳಿತಿದ್ದ ಸಂಘದ ಅಧ್ಯಕ್ಷ ಶಾಮಣ್ಣ ಮೇಷ್ಟ್ರು ಕನ್ನಡಕ ಸರಿಪಡಿಸಿಕೊಂಡರು.

"ದೊರೆಸ್ವಾಮಿ," ಎಂದರು ಶಾಂತವಾಗಿ, "ನಿಮ್ಮ ಸುಣ್ಣ ಎದ್ದು ಓಡಾಡ್ತಾ ಇದೆ."

ಸಭೆ ಕಿಟಕಿಗೆ ಮುಗಿಬಿತ್ತು, ಆಮೇಲೆ ಬಾಗಿಲಿಗೆ, ಆಮೇಲೆ ಬಯಲಿಗೆ. ಕಾರ್ಯದರ್ಶಿಗಳು ಇಡಿಸಿದ್ದ ಚುಕ್ಕಿಗಳೆಲ್ಲ ಸಾಲು ಬಿಟ್ಟು ಹೊರಟಿದ್ದವು. ಮೂಟೆಗಳಿಂದ ಸುಣ್ಣ ಹಾಲು ಉಕ್ಕಿದ ಹಾಗೆ ಹೊರಗೆ ಹರಿಯುತ್ತಿತ್ತು. ಪರದೆಗಿಂತ ಬಯಲು ದೊಡ್ಡದು! ಯಂತ್ರ ಹೇಳಿದ ಮಾತನ್ನು ಅಕ್ಷರಶಃ ಪಾಲಿಸಿತ್ತು. ಜನ ನೋಡನೋಡುತ್ತಿದ್ದಂತೆ ಮಂದಾಕಿನಿಯ ನಕ್ಷೆ ಅದರದೇ ಜಾಗದಲ್ಲಿ, ಅದರದೇ ಅಳತೆಯಲ್ಲಿ ನೆಲದ ಮೇಲೆ ಬರೆದುಕೊಂಡಿತು. ಹೊಂಗೆಯ ಸುತ್ತ ಕಟ್ಟೆಯ ಗೆರೆ ಬಂತು, ಕಟ್ಟೆಯನ್ನು ಬಳಸಿ ದಾರಿ ಬಂತು. ಮರಳುಗುಂಡಿ ಮೂಡಿದ್ದೇ ತಡ, ಮಕ್ಕಳು ಅದರೊಳಗೆ ಹಾರಿ ಇಲ್ಲದ ಮರಳನ್ನು ಒಬ್ಬರ ಮೇಲೊಬ್ಬರು ಎರಚತೊಡಗಿದರು.

ಕೊನೆಗೆ ಗೇಟಿನಿಂದ ಮರದವರೆಗೆ ಓರೆಯಾಗಿ, ಆಳೆತ್ತರದ ಅಕ್ಷರಗಳು ಮೂಡಿದವು: ಪ್ರಾಯೋಗಿಕ ಆವೃತ್ತಿ.

"ಅಯ್ಯೋ ದೇವರೇ," ಎಂದು ಮಂದಾಕಿನಿ ಕಣ್ಣು ಮುಚ್ಚಿಕೊಂಡಳು. ನಕ್ಷೆಯ ತಂತ್ರಾಂಶವನ್ನು ಅವಳು ಇನ್ನೂ ಕೊಂಡಿರಲಿಲ್ಲ. ಪರೀಕ್ಷೆಗೆಂದು ಪುಕ್ಕಟೆ ಕೊಟ್ಟದ್ದನ್ನೇ ಬಳಸುತ್ತಿದ್ದಳು. ಅದು ಪ್ರತಿ ಚಿತ್ರದ ಮೇಲೂ ಹೀಗೆ ಮುದ್ರೆ ಒತ್ತುತ್ತಿತ್ತು.

ಯಾರೂ ಅದನ್ನು ಗಮನಿಸಲಿಲ್ಲ. ಎಲ್ಲರೂ ಶಾಮಣ್ಣ ಮೇಷ್ಟ್ರನ್ನು ನೋಡುತ್ತಿದ್ದರು. ಮೇಷ್ಟ್ರು ಎಂದಿನಂತೆ ಕೊಡೆ ಹಿಡಿದ ಕೈ ಹಿಂದೆ ಕಟ್ಟಿಕೊಂಡು ಎಂದಿನ ವಾಕಿಂಗಿಗೆ ಹೊರಟಿದ್ದರು. ಅವರು ತಿರುಗಿದಲ್ಲೆಲ್ಲ ದಾರಿಯೂ ತಿರುಗುತ್ತಿತ್ತು. ಅವರು ದಿನವೂ ದಣಿವಾರಿಸಿಕೊಳ್ಳಲು ನಿಲ್ಲುತ್ತಿದ್ದ ಜಾಗದಲ್ಲಿ ಸರಿಯಾಗಿ ಒಂದು ಬೆಂಚಿನ ಗೆರೆ ಇತ್ತು.

"ಇಲ್ಲಿ ನಾನು ನಿಲ್ತೀನಿ ಅಂತ ಹೇಗೆ ಗೊತ್ತಾಯ್ತಮ್ಮ?"

"ನಮ್ಮ ಮಹಡಿಯಿಂದ ಕಾಣತ್ತೆ ಮೇಷ್ಟ್ರೆ."

"ನಂಗೆ ಮಂಡಿನೋವು ಅಂತ ಮನೇಲೂ ಹೇಳಿಲ್ಲ," ಎಂದರು ಮೇಷ್ಟ್ರು, ಗೆರೆಯ ಮೇಲೆ ಕೂರಲು ಹೋಗಿ ಸಮಯಕ್ಕೆ ಸರಿಯಾಗಿ ನೆನಪಾಗಿ ಏಳುತ್ತ.

ಪುಟ್ಟತಾಯಮ್ಮ ಹಾಲಿನ ಬೂತಿಗೆ ಅಡ್ಡ ಹಾಯುವ ದಾರಿ ಹಿಡಿದು ನಡೆದರು. ಹಿಂದೆಯೇ ಇನ್ನೊಬ್ಬರು, ಮತ್ತೊಬ್ಬರು. ಸಭೆಗೆ ಸಭೆಯೇ ನಕ್ಷೆಯೊಳಗೆ ಓಡಾಡುತ್ತಿತ್ತು. ಗೆರೆ ತುಳಿದವರೇ ಇಲ್ಲ, ಏಕೆಂದರೆ ಅವರ ಕಾಲು ಮೊದಲಿನಿಂದಲೂ ಹೋಗುತ್ತಿದ್ದದ್ದು ಹಾಗೆಯೇ.

ತುಳಿದವರು ದೊರೆಸ್ವಾಮಿಯವರೊಬ್ಬರೇ. ಅವರು ಗೆರೆಗಳನ್ನು ಕಾಲಿನಿಂದ ಒರೆಸುತ್ತ ಓಡಾಡುತ್ತಿದ್ದರು. ಒರೆಸಿದ ಸುಣ್ಣ ಅವರ ಹಿಂದಿನಿಂದ ಸುತ್ತಿ ಬಂದು ಮತ್ತೆ ತನ್ನ ಜಾಗದಲ್ಲಿ ಕೂರುತ್ತಿತ್ತು.

"ಇದು ಕ್ರಮ ಅಲ್ಲ! ನಿಯಮದಲ್ಲಿ ಪರದೆ ಅಂತ ಇರೋದು!"

"ನಿಯಮ ನೀವೇ ಬರೆದದ್ದು ಸ್ವಾಮಿ. ದೊಡ್ಡದಾಗಿ, ಎಲ್ಲರಿಗೂ ಕಾಣೋ ಹಾಗೆ ಅಂತ ಇದೆ," ಎಂದರು ಜಲಜಾಕ್ಷಮ್ಮ. "ಇದಕ್ಕಿಂತ ದೊಡ್ಡದು ಬೇಕಾದ್ರೆ ಆಕಾಶಕ್ಕೆ ಕಳಿಸ್ಬೇಕು. ಒಂದು ವಾರ ಟೈಮ್ ಕೊಡಿ."

"ಮುಚ್ಚಿ ಅದನ್ನ! ಮೊದ್ಲು ಮುಚ್ಚಿ!"

ಲ್ಯಾಪ್‌ಟಾಪನ್ನು ತಟ್ಟೆಯ ಹಾಗೆ ಮೊಣಕೈ ಮೇಲೆ ಹೊತ್ತಿದ್ದ ಮಂದಾಕಿನಿ ಗಡಿಬಿಡಿಯಲ್ಲಿ ನಕ್ಷೆಯನ್ನು ಮುಚ್ಚುವ ಗುರುತು ಒತ್ತಿದಳು. ಅತ್ತೆಯ ಹಟಕ್ಕೆ ಆ ಲ್ಯಾಪ್‌ಟಾಪು ಕನ್ನಡದಲ್ಲೇ ವ್ಯವಹರಿಸುತ್ತಿತ್ತು. ತಕ್ಷಣ ಬಯಲಿನ ನಡುವೆ ಸುಣ್ಣದ ಒಂದು ದೊಡ್ಡ ಚೌಕ ಎದ್ದು, ಅದರೊಳಗೆ ಪ್ರಶ್ನೆ ಬಂತು: ಬದಲಾವಣೆಗಳನ್ನು ಉಳಿಸಬೇಕೇ? ಕೆಳಗೆ ಎರಡು ಪುಟ್ಟ ಚೌಕಗಳು. ಒಂದರಲ್ಲಿ ಹೌದು, ಇನ್ನೊಂದರಲ್ಲಿ ಬೇಡ.

ದೊರೆಸ್ವಾಮಿ ಸರಿಯಾಗಿ ಅವೆರಡರ ಮಧ್ಯೆ ನಿಂತಿದ್ದರು.

"ಅಲ್ಲಾಡ್ಬೇಡಿ!" ಎಂದು ಕೂಗಿದರು ಜಲಜಾಕ್ಷಮ್ಮ.

ಕಾರ್ಯದರ್ಶಿಯಾದ ದಿನದಿಂದ ಇನ್ನೊಬ್ಬರು ಹೇಳಿದ್ದನ್ನು ಕೇಳಿದವರಲ್ಲ ಅವರು. "ನನಗೇ ಹೇಳ್ತೀರಾ?" ಎಂದು ದಾಪುಗಾಲಿಟ್ಟರು. ಬಲಗಾಲು "ಹೌದು" ಎಂಬುದರ ಮೇಲೆ ಬಿತ್ತು.

ಠಣ್!

ಬಯಲೆಲ್ಲ ಒಮ್ಮೆ ಮಿಂಚಿ ತಣ್ಣಗಾಯಿತು. ಪ್ರಶ್ನೆಯ ಚೌಕ ಅಳಿದುಹೋಯಿತು. ಉಳಿದ ಗೆರೆಗಳು ಅಲ್ಲಾಡಲಿಲ್ಲ. ಮೇಷ್ಟ್ರು ಕೊಡೆಯ ತುದಿಯಿಂದ ಒಂದನ್ನು ತಟ್ಟಿ ನೋಡಿದರು. ಚಾಮುಂಡಿಬೆಟ್ಟದ ಮೆಟ್ಟಿಲು ತಟ್ಟಿದ ಸದ್ದು ಬಂತು. ಸುಣ್ಣ ಕಲ್ಲಾಗಿತ್ತು.

"ಇದೇನತ್ತೆ?"

"ಉಳ್ಸು ಅಂದ್ರು, ಉಳ್ಸಿದೆ," ಎಂದರು ಜಲಜಾಕ್ಷಮ್ಮ. ಅವರಿಗೂ ಆಶ್ಚರ್ಯವಾಗಿತ್ತು, ಆದರೆ ಅದನ್ನು ತೋರಿಸಿಕೊಳ್ಳುವ ಅಭ್ಯಾಸ ಇರಲಿಲ್ಲ. "ಸುಣ್ಣ, ಬೆಳಗಿನ ಇಬ್ಬನಿ, ನನ್ನ ಕರೆಂಟು. ಸಾಸಿವೇದೂ ಏನೋ ಇರಬೇಕು."

ಮೇಷ್ಟ್ರು ಅಲ್ಲೇ ಮತಕ್ಕೆ ಹಾಕಿದರು. ಮಂದಾಕಿನಿಯ ನಕ್ಷೆಗೆ ಬಯಲಿನ ತುಂಬ ಕೈಗಳು ಎದ್ದವು. ದೊರೆಸ್ವಾಮಿಯವರ ಕೈ ಮಾತ್ರ ಏಳಲಿಲ್ಲ. ಅವರ ಬಲಗಾಲಿನ ಚಪ್ಪಲಿಯೂ ನಕ್ಷೆಯ ಜೊತೆ ಉಳಿದುಕೊಂಡಿತ್ತು, ಅದನ್ನು ಕೀಳಲು ಎರಡೂ ಕೈ ಬೇಕಾಗಿತ್ತು.

ಮುಂದಿನ ವಾರ ದೊರೆಸ್ವಾಮಿ ಪಟ್ಟು ಬಿಡದೆ ಕರೆಸಿದ ಟೈಲ್ಸ್ ಗುತ್ತಿಗೆದಾರರು ಹಾರೆ ತಂದರು, ಆಮೇಲೆ ಕಲ್ಲು ಒಡೆಯುವ ಯಂತ್ರ ತಂದರು. ಕಿಡಿ ಹಾರಿತೇ ಹೊರತು ಗೆರೆಯಲ್ಲಿ ಒಂದು ಚೂರೂ ಏಳಲಿಲ್ಲ. ಇಂಥ ನೆಲದ ಮೇಲೆ ಟೈಲ್ಸ್ ಕೂರುವುದಿಲ್ಲ ಎಂದು ಬರೆದುಕೊಟ್ಟು ಹೋದರು. ಗೆರೆಗಳ ನಡುವೆ ಮಣ್ಣು ತುಂಬಿ ಹುಲ್ಲು, ಗಿಡ ಹಾಕಲಾಯಿತು. ಮಕ್ಕಳ ಗುಂಡಿಗೆ ಮರಳು ಬಂತು. ಹೊಂಗೆಯ ಕಟ್ಟೆಯ ಮೇಲೆ ಸಂಜೆ ಜಾಗ ಸಿಗಬೇಕಾದರೆ ಮಧ್ಯಾಹ್ನವೇ ಟವೆಲ್ ಹಾಸಿಬರಬೇಕು ಎನ್ನುವಂತಾಯಿತು. ಬೇರೆ ಬಡಾವಣೆಗಳಿಂದ ಜನ ನೋಡಲು ಬಂದರು. ಪಾರ್ಕು ಯಾರದು ಎಂದು ಕೇಳಿದರೆ ಮಂದಾಕಿನಿ, "ನಮ್ಮತ್ತೇದು," ಎನ್ನುತ್ತಿದ್ದಳು. ಅತ್ತೆಯನ್ನು ಕೇಳಿದರೆ, "ನಮ್ಮ ಸೊಸೇದು," ಎಂದು ಗದರುತ್ತಿದ್ದರು. ಈ ಜಗಳ ಬೀದಿಗೆಲ್ಲ ಕೇಳಿಸುವ ಹಾಗೆ, ದಿನಕ್ಕೊಂದು ಸಲವಾದರೂ ಆಗುತ್ತಿತ್ತು. ಮನೆಗೆ ಹೊಸ ಒಗ್ಗರಣೆ ಡಬ್ಬಿಯೂ ಬಂತು.

ಒಂದು ಸಂಜೆ ನಗರಪಾಲಿಕೆಯ ಎಂಜಿನಿಯರೊಬ್ಬರು ಪಾರ್ಕನ್ನೆಲ್ಲ ಸುತ್ತಿ, ಮೆಚ್ಚಿ ತಲೆದೂಗಿ, ಗೇಟಿನಿಂದ ಮರದವರೆಗೆ ಕಲ್ಲಾಗಿ ಮಲಗಿದ್ದ ದೊಡ್ಡ ಅಕ್ಷರಗಳ ಹತ್ತಿರ ಬಂದು ನಿಂತರು.

"ಎಲ್ಲಾ ಅದ್ಭುತ ಅಮ್ಮ. ಆದ್ರೆ ಈ 'ಪ್ರಾಯೋಗಿಕ ಆವೃತ್ತಿ' ಅನ್ನೋದೊಂದು ಕಣ್ಣಿಗೆ ಚುಚ್ಚತ್ತೆ. ತೆಗೆಯಕ್ಕೆ ಏನಾದ್ರೂ ಮಾಡ್ಬಹುದಾ?"

"ಇರ್ಲಿ ಬಿಡಿ ಸ್ವಾಮಿ," ಎಂದರು ಜಲಜಾಕ್ಷಮ್ಮ. "ನೀವು ಕಟ್ಟಿಸಿರೋ ಮಿಕ್ಕ ಪಾರ್ಕುಗಳೂ ಅದೇ ತಾನೆ? ಅವು ಹೇಳ್ಕೊಳ್ಳಲ್ಲ, ಅಷ್ಟೇ."